ಹಗಲಿನ ಬಿಸಿಲನ್ನು ರಾತ್ರಿಗೆ ಎತ್ತಿಡುವ ಯಂತ್ರ

ಮನೆ ನಡೆಸುವವರಿಗೆ ಒಂದು ಮಾತನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇದ್ದಾಗ ಎತ್ತಿಡಬೇಕು, ಇಲ್ಲದಾಗ ಅದು ಕೈ ಹಿಡಿಯುತ್ತದೆ. ಮಾವಿನಕಾಯಿಯ ಕಾಲದಲ್ಲಿ ಉಪ್ಪಿನಕಾಯಿ, ಬಿಸಿಲಿರುವಾಗ ಹಪ್ಪಳ ಸಂಡಿಗೆ, ಮಳೆಗಾಲ ಹಿಡಿಯುವ ಮೊದಲು ಒಣಮೀನು ಮತ್ತು ಸೌದೆ. ಹೀಗೆ ಒಂದೊಂದನ್ನೂ ಅದರದರ ಹೊತ್ತಿನಲ್ಲಿ ಜೋಡಿಸಿಡುವ ಗೃಹಿಣಿಯಿಂದಲೇ ಮನೆಯ ಬರಕತ್ ಉಳಿಯುತ್ತದೆ.

ಆದರೆ ನಾವು ದಿನವೂ ಬಳಸುವ ಒಂದು ವಸ್ತುವಿಗೆ ಈ ಜಾಣತನ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಅದು ವಿದ್ಯುತ್. ಮಧ್ಯಾಹ್ನ ಹೆಚ್ಚಾಗಿ ಉತ್ಪತ್ತಿಯಾದ ಕರೆಂಟನ್ನು ಡಬ್ಬಕ್ಕೆ ಹಾಕಿ ಮುಚ್ಚಳ ಮುಚ್ಚಿ, 'ಮಗ್ರಿಬ್ ಆದ ಮೇಲೆ ಬಳಸೋಣ' ಎಂದು ಇಡಲು ಬರುವುದಿಲ್ಲ. ನೀವು ಮಿಕ್ಸಿಯ ಗುಂಡಿ ಒತ್ತಿದ ಕ್ಷಣಕ್ಕೆ ಸರಿಯಾಗಿ ಎಲ್ಲೋ ಒಂದು ಕೇಂದ್ರದಲ್ಲಿ ಅಷ್ಟೇ ವಿದ್ಯುತ್ ಹುಟ್ಟುತ್ತಿರಬೇಕು.

ಇತ್ತೀಚಿನ ವರ್ಷಗಳಲ್ಲಿ ಇದೊಂದು ದೊಡ್ಡ ಸಮಸ್ಯೆಯಾಗಿದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಇದೆ. ನಡುಹಗಲಲ್ಲಿ ಅದು ಧಾರಾಳವಾಗಿ ಕೊಡುತ್ತದೆ. ಸಂಜೆ ಆರೂವರೆಗೆ ಸೂರ್ಯ ಮುಳುಗಿದರೆ ಅದರ ಕೊಡುಗೆಯೂ ಮುಗಿಯಿತು. ನಮ್ಮ ಮನೆಗಳಲ್ಲಿ ದೀಪ, ಫ್ಯಾನು, ಟಿ.ವಿ., ನೀರು ಬಿಸಿ ಮಾಡುವ ಗೀಸರು ಎಲ್ಲವೂ ಚಾಲೂ ಆಗುವುದು ಅದೇ ಹೊತ್ತಿಗೆ. ಮಧ್ಯಾಹ್ನದ ಬಿಸಿಲನ್ನು ಸಂಜೆಗೆ ಎತ್ತಿಡುವುದು ಹೇಗೆ? ಈ ಪ್ರಶ್ನೆಗೆ ಜಗತ್ತು ಕಂಡುಕೊಂಡ ಹಳೆಯ ಉತ್ತರ ಒಂದಿದೆ. ಆ ಹಳೆಯ ಉತ್ತರದಲ್ಲಿದ್ದ ಒಂದು ಕೊರತೆಯನ್ನು ನೀಗಿದ ಹೊಸ ಯಂತ್ರವೂ ಬಂದಿದೆ. ಅದರ ಬಗ್ಗೆ ನಮ್ಮ ಸಹೋದರಿಯರೂ ತಿಳಿದಿರಬೇಕು ಎಂಬುದೇ ಈ ಲೇಖನದ ಉದ್ದೇಶ.

ಐವತ್ತರ ತಾಳ

ಮೊದಲು ಒಂದು ಮೂಲ ವಿಷಯ ತಿಳಿದುಕೊಳ್ಳೋಣ. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿಯುತ್ತದೆ. ಇದನ್ನು 50 ಹರ್ಟ್ಸ್ ಫ್ರೀಕ್ವೆನ್ಸಿ ಎನ್ನುತ್ತಾರೆ. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ತಂತಿಗಳ ಒಂದೇ ಜಾಲವಿದೆ. ಇದೇ ಗ್ರಿಡ್. ದಫ್ ತಂಡದಲ್ಲಿ ಎಲ್ಲರ ಕೈಯೂ ಒಂದೇ ತಾಳಕ್ಕೆ ಬೀಳುವಂತೆ, ಈ ಜಾಲಕ್ಕೆ ಸೇರಿದ ದೊಡ್ಡ ದೊಡ್ಡ ಜನರೇಟರುಗಳೆಲ್ಲ ಒಂದೇ ತಾಳಕ್ಕೆ ತಿರುಗುತ್ತವೆ.

ಬಳಕೆ ಹೆಚ್ಚಿ ಉತ್ಪಾದನೆ ಸಾಲದಾದರೆ ತಾಳ ನಿಧಾನವಾಗುತ್ತದೆ. ಉತ್ಪಾದನೆ ಹೆಚ್ಚಿ ಬಳಕೆ ಕಡಿಮೆಯಾದರೆ ತಾಳ ಜೋರಾಗುತ್ತದೆ. ನಮ್ಮ ದೇಶದ ನಿಯಮದಂತೆ ಅದು 49.90 ಮತ್ತು 50.05ರ ನಡುವೆಯೇ ಇರಬೇಕು. ಎಷ್ಟು ಇಕ್ಕಟ್ಟಾದ ದಾರಿ ನೋಡಿ! ತಾಳ ತೀರಾ ತಪ್ಪಿದರೆ ಯಂತ್ರಗಳು ತಮ್ಮನ್ನು ಕಾಪಾಡಿಕೊಳ್ಳಲು ಒಂದೊಂದಾಗಿ ಜಾಲದಿಂದ ಕಳಚಿಕೊಳ್ಳುತ್ತವೆ. ಆಮೇಲೆ ಕತ್ತಲೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಗ್ರಿಡ್ ಕುಸಿದದ್ದು ನಿಮಗೆ ನೆನಪಿರಬಹುದು. ಎರಡನೆಯ ದಿನ ಕತ್ತಲೆಗೆ ಬಿದ್ದ ರಾಜ್ಯಗಳಲ್ಲಿ ಸುಮಾರು 60 ಕೋಟಿ ಜನ ವಾಸವಾಗಿದ್ದರು. ರೈಲುಗಳು ನಿಂತವು, ಆಸ್ಪತ್ರೆಗಳು ಡೀಸೆಲ್ ಜನರೇಟರಿಗೆ ಮೊರೆ ಹೋದವು.

ಇದಕ್ಕೆ ವಿರುದ್ಧವಾದ ಪರೀಕ್ಷೆ 2020ರ ಏಪ್ರಿಲ್ 5ರಂದು ಎದುರಾಯಿತು. ಕೊರೋನಾ ಲಾಕ್‌ಡೌನಿನ ಆ ರಾತ್ರಿ ಒಂಬತ್ತು ಗಂಟೆಗೆ ಒಂಬತ್ತು ನಿಮಿಷ ದೀಪ ಆರಿಸಲು ಪ್ರಧಾನಿ ಕರೆ ಕೊಟ್ಟಿದ್ದರು. ದೇಶದ ಬೇಡಿಕೆ ಒಮ್ಮೆಲೇ ಸುಮಾರು 31 ಸಾವಿರ ಮೆಗಾವ್ಯಾಟಿನಷ್ಟು ಇಳಿಯಿತು, ದೀಪಗಳು ಮತ್ತೆ ಹತ್ತಿದಾಗ ಒಮ್ಮೆಲೇ ಏರಿತು. ಆದರೂ ಗ್ರಿಡ್ ಬೀಳಲಿಲ್ಲ. ಅದನ್ನು ಕಾಪಾಡಿದ್ದು ಮುಖ್ಯವಾಗಿ ಜಲವಿದ್ಯುತ್ ಕೇಂದ್ರಗಳು. ಕಲ್ಲಿದ್ದಲಿನ ಒಲೆಯನ್ನು ಬೇಕೆಂದಾಗ ಉರಿಸಿ ಬೇಡವೆಂದಾಗ ಆರಿಸಲು ಆಗುವುದಿಲ್ಲ. ನೀರಿನ ಗೇಟನ್ನು ನಿಮಿಷಗಳಲ್ಲಿ ತೆರೆಯಬಹುದು, ಮುಚ್ಚಬಹುದು.

ಮಾಳಿಗೆಯ ಟ್ಯಾಂಕಿನ ಲೆಕ್ಕ

ಈಗ ಎತ್ತಿಡುವ ಮಾತಿಗೆ ಬರೋಣ. ನಿಮ್ಮ ಮನೆಯಲ್ಲಿ ಬಾವಿಯ ನೀರನ್ನು ಪಂಪಿನಿಂದ ಮಾಳಿಗೆಯ ಟ್ಯಾಂಕಿಗೆ ಏರಿಸುತ್ತೀರಲ್ಲ? ಕರೆಂಟು ಹೋದರೂ ನಲ್ಲಿಯಲ್ಲಿ ನೀರು ಬರುತ್ತದೆ. ಅಂದರೆ ಪಂಪು ತಿಂದ ಕರೆಂಟು ಪೂರ್ತಿ ಖರ್ಚಾಗಿ ಹೋಗಿಲ್ಲ. ಎತ್ತರದಲ್ಲಿ ನಿಂತ ನೀರಿನ ರೂಪದಲ್ಲಿ ಅದು ಕೂತಿದೆ. ಆ ನೀರು ಕೆಳಗೆ ಇಳಿಯುವಾಗ ಒಂದು ಚಕ್ರವನ್ನು ತಿರುಗಿಸಿದರೆ ಮತ್ತೆ ಕರೆಂಟು ಸಿಗುತ್ತದೆ.

ಹಾಗಾದರೆ ಪ್ರತಿ ಮನೆಯ ಟ್ಯಾಂಕಿನಿಂದಲೂ ಕರೆಂಟು ತೆಗೆಯಬಹುದಲ್ಲ ಎಂದು ಮಕ್ಕಳು ಕೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ಸಾವಿರ ಲೀಟರಿನ ಟ್ಯಾಂಕು ಹತ್ತು ಮೀಟರ್ ಎತ್ತರದಲ್ಲಿದೆ. ಅದರಲ್ಲಿರುವ ಶಕ್ತಿ ಒಂದು ಯೂನಿಟ್ಟಿನ ನೂರರಲ್ಲಿ ಮೂರು ಪಾಲೂ ಇಲ್ಲ. ಒಂದು ಹನಿಯೂ ವ್ಯರ್ಥವಾಗದೆ ಕರೆಂಟಾದರೂ 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬು ಮೂರು ಗಂಟೆ ಉರಿದೀತು, ಅಷ್ಟೇ. ಆದ್ದರಿಂದ ಈ ಕೆಲಸಕ್ಕೆ ಟ್ಯಾಂಕು ಸಾಲದು, ಜಲಾಶಯ ಬೇಕು. ಮಾಳಿಗೆ ಸಾಲದು, ಬೆಟ್ಟ ಬೇಕು.

ಬೆಟ್ಟದ ಮೇಲೊಂದು ಜಲಾಶಯ, ಕೆಳಗೊಂದು ಜಲಾಶಯ, ನಡುವೆ ಸುರಂಗ, ಸುರಂಗದಲ್ಲಿ ಯಂತ್ರ. ಕರೆಂಟು ಹೆಚ್ಚಾಗಿರುವಾಗ ಆ ಯಂತ್ರ ಪಂಪಾಗಿ ತಿರುಗಿ ಕೆಳಗಿನ ನೀರನ್ನು ಮೇಲೇರಿಸುತ್ತದೆ. ಕರೆಂಟು ಬೇಕಾದಾಗ ಅದೇ ಯಂತ್ರ ಟರ್ಬೈನಾಗಿ ಉಲ್ಟಾ ತಿರುಗಿ ವಿದ್ಯುತ್ ಕೊಡುತ್ತದೆ. ಇದಕ್ಕೆ ಪಂಪ್ಡ್ ಸ್ಟೋರೇಜ್ ಎಂದು ಹೆಸರು. ಏರಿಸಲು ನೂರು ಯೂನಿಟ್ ಖರ್ಚು ಮಾಡಿದರೆ ಇಳಿಸುವಾಗ ಎಪ್ಪತ್ತರಿಂದ ಎಂಬತ್ತು ಯೂನಿಟ್ ವಾಪಸು ಬರುತ್ತದೆ. ಉಳಿದದ್ದು ದಾರಿಯಲ್ಲಿ ಸವೆಯುತ್ತದೆ. 'ಇದು ನಷ್ಟದ ವ್ಯಾಪಾರವಲ್ಲವೇ?' ಎಂದು ನೀವು ಕೇಳಬಹುದು. ಮಧ್ಯಾಹ್ನ ಕೊಳ್ಳುವವರಿಲ್ಲದೆ ಹಾಳಾಗಿ ಹೋಗುವ ನೂರು ಮಾವಿನಹಣ್ಣಿನಲ್ಲಿ ಎಪ್ಪತ್ತೈದನ್ನಾದರೂ ಕೆಡದಂತೆ ಉಳಿಸಿಕೊಂಡರೆ ಅದು ನಷ್ಟವೇ?

ಹಳೆಯ ಪಂಪಿನ ಹಠ

ಈ ವ್ಯವಸ್ಥೆ ಹಳೆಯದು. ನಮ್ಮ ದೇಶದಲ್ಲೂ ತಮಿಳುನಾಡಿನ ಕಡಂಪಾರೈ, ಪಶ್ಚಿಮ ಬಂಗಾಳದ ಪುರುಲಿಯಾ ಮೊದಲಾದ ಕಡೆ ಇಂತಹ ಕೇಂದ್ರಗಳಿವೆ. ಆದರೆ ಹಳೆಯ ಯಂತ್ರಗಳಿಗೆ ಒಂದು ಹಠವಿದೆ. ಅವು ಒಂದೇ ವೇಗದಲ್ಲಿ ಮಾತ್ರ ತಿರುಗುತ್ತವೆ.

ಕಾರಣ ಆ ಐವತ್ತರ ತಾಳ. ಜನರೇಟರಿನ ಒಳಗೆ ತಿರುಗುವ ಭಾಗಕ್ಕೆ ರೋಟರ್ ಎನ್ನುತ್ತಾರೆ, ಅದರ ಸುತ್ತ ಕದಲದೆ ನಿಂತ ಭಾಗಕ್ಕೆ ಸ್ಟೇಟರ್ ಎನ್ನುತ್ತಾರೆ. ರೋಟರಿನ ಮೇಲೆ ಉತ್ತರ-ದಕ್ಷಿಣ ಆಯಸ್ಕಾಂತಗಳ ಜೋಡಿಗಳು ಕೂತಿರುತ್ತವೆ. 9 ಜೋಡಿ ಇದ್ದರೆ ಯಂತ್ರ ನಿಮಿಷಕ್ಕೆ ಸುಮಾರು 333 ಸುತ್ತು ತಿರುಗಲೇಬೇಕು. ಆಗಲೇ ಗ್ರಿಡ್ಡಿನ ತಾಳಕ್ಕೆ ಅದು ಹೊಂದುವುದು. 330ಕ್ಕೆ ಇಳಿಯಲು, 340ಕ್ಕೆ ಏರಲು ಅನುಮತಿಯಿಲ್ಲ.

ಇದರಿಂದ ತೊಂದರೆಯೇನು? ಮೊದಲನೆಯದು, ವೇಗ ಬದಲಾಗದಿದ್ದರೆ ಪಂಪು ತಿನ್ನುವ ಕರೆಂಟೂ ಬದಲಾಗುವುದಿಲ್ಲ. 250 ಮೆಗಾವ್ಯಾಟಿನ ಪಂಪನ್ನು ಚಾಲೂ ಮಾಡಿದರೆ ಅದು ಸುಮಾರು ಅಷ್ಟನ್ನೂ ಎಳೆದುಕೊಳ್ಳುತ್ತದೆ. ಗ್ರಿಡ್ಡಿನಲ್ಲಿ 180 ಮೆಗಾವ್ಯಾಟ್ ಮಾತ್ರ ಹೆಚ್ಚುವರಿ ಇದ್ದರೆ? 'ಕೊಟ್ಟರೆ ಪೂರ್ತಿ ಕೊಡು, ಇಲ್ಲವಾದರೆ ಬೇಡ' ಎಂದು ಅದು ಕೂತುಬಿಡುತ್ತದೆ. ಮೋಡವೊಂದು ಸೌರಫಲಕಗಳ ಮೇಲೆ ಹಾದುಹೋದರೆ ಅರ್ಧ ಗಂಟೆಯೊಳಗೆ ಲೆಕ್ಕವೆಲ್ಲ ಬದಲಾಗುತ್ತದೆ. ಗಾಳಿಯ ವಿದ್ಯುತ್ತಿನ ಕಥೆಯೂ ಅದೇ. ಬಂದಷ್ಟನ್ನು ಹಿಡಿದಿಡುವ ಪಾತ್ರೆ ನಮಗೆ ಬೇಕಾಗಿದೆ, ತುಂಬಿದರೆ ಮಾತ್ರ ಹಿಡಿಯುತ್ತೇನೆ ಎನ್ನುವ ಪಾತ್ರೆಯಲ್ಲ.

ಎರಡನೆಯದು, ಜಲಾಶಯದ ನೀರಿನ ಮಟ್ಟ ವರ್ಷವಿಡೀ ಒಂದೇ ರೀತಿ ಇರುವುದಿಲ್ಲ. ನೀರನ್ನು ಏರಿಸಬೇಕಾದ ಎತ್ತರ ಬದಲಾದಂತೆ ಪಂಪಿಗೆ ಹಿತವಾದ ವೇಗವೂ ಬದಲಾಗುತ್ತದೆ. ಒಂದೇ ವೇಗಕ್ಕೆ ಕಟ್ಟಿಬಿದ್ದ ಪಂಪು ಎತ್ತರ ತೀರಾ ಬದಲಾದಾಗ ನಡುಗುತ್ತದೆ. ನೀರಿನಲ್ಲಿ ಆವಿಯ ಗುಳ್ಳೆಗಳು ಹುಟ್ಟಿ ಒಡೆದು ಉಕ್ಕಿನ ರೆಕ್ಕೆಗಳನ್ನೇ ಕೊರೆದುಹಾಕುತ್ತವೆ.

ಮೂರನೆಯದು, ಪಂಪು ಮತ್ತು ಟರ್ಬೈನು ಒಂದೇ ಚಕ್ರವಾದರೂ ಎರಡು ಕೆಲಸಕ್ಕೂ ಹಿತವಾದ ವೇಗ ಒಂದೇ ಅಲ್ಲ. ಸಾಮಾನ್ಯವಾಗಿ ಏರಿಸುವಾಗ ಹೆಚ್ಚು ವೇಗ ಬೇಕು, ಇಳಿಸುವಾಗ ಕಡಿಮೆ ಸಾಕು. ಒಂದೇ ವೇಗದ ಯಂತ್ರ ಎರಡಕ್ಕೂ ನಡುವಿನ ಒಂದು ರಾಜಿಗೆ ಒಪ್ಪಿಕೊಂಡು, ಎರಡರಲ್ಲೂ ಒಂದಿಷ್ಟು ಕಳೆದುಕೊಳ್ಳುತ್ತದೆ.

ನಿಮ್ಮ ಮನೆಯ ಫ್ರಿಜ್ಜಿನ ಉದಾಹರಣೆ ನೋಡಿ. ಹಳೆಯ ಫ್ರಿಜ್ಜು 'ಟಕ್' ಎಂದು ಚಾಲೂ ಆಗಿ ಪೂರ್ಣ ಜೋರಿನಲ್ಲಿ ಓಡಿ, ತಂಪಾದ ಮೇಲೆ 'ಟಕ್' ಎಂದು ನಿಲ್ಲುತ್ತಿತ್ತು. ಈಗ ಅಂಗಡಿಗೆ ಹೋದರೆ 'ಇನ್ವರ್ಟರ್ ಫ್ರಿಜ್ ತಗೊಳ್ಳಿ, ಬಿಲ್ ಕಡಿಮೆ ಬರುತ್ತದೆ' ಎನ್ನುತ್ತಾರೆ. ಅದು ಬೇಕಾದಷ್ಟೇ ವೇಗದಲ್ಲಿ, ಮೆಲ್ಲಗೆ, ಸದಾ ಓಡುತ್ತದೆ. ಪಂಪ್ಡ್ ಸ್ಟೋರೇಜ್ ಕೇಂದ್ರದಲ್ಲಿ ಇದೇ ಗುಣವನ್ನು ತರುವ ಯಂತ್ರಕ್ಕೆ ವೇರಿಯಬಲ್ ಸ್ಪೀಡ್ ಜನರೇಟರ್, ಅಂದರೆ ವೇಗ ಬದಲಿಸಬಲ್ಲ ಜನರೇಟರ್ ಎಂದು ಹೆಸರು.

ಲಾಂಚಿನ ಮೇಲೆ ನಡೆದಂತೆ

ಗ್ರಿಡ್ಡಿನ ತಾಳ ತಪ್ಪಬಾರದು, ಆದರೆ ಯಂತ್ರದ ವೇಗ ಬದಲಾಗಬೇಕು. ಇವೆರಡೂ ಒಟ್ಟಿಗೆ ಹೇಗೆ ಸಾಧ್ಯ? ತರಗತಿಯಲ್ಲಿ ನಾನು ಹೇಳುವ ಒಂದು ಹೋಲಿಕೆಯನ್ನು ನಿಮಗೂ ಹೇಳುತ್ತೇನೆ.

ಹೊಳೆಯಲ್ಲಿ ಉದ್ದನೆಯ ಲಾಂಚ್ ಒಂದು ಹೋಗುತ್ತಿದೆ. ದಡದಲ್ಲಿ ನಿಮ್ಮ ಗೆಳತಿ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ನಡೆಯುತ್ತಿದ್ದಾಳೆ. ನೀವು ಲಾಂಚಿನ ಮೇಲಿದ್ದೀರಿ, ಸದಾ ಅವಳ ನೇರಕ್ಕೇ ಇರಬೇಕು. ಲಾಂಚಿನ ವೇಗವೂ 5 ಆಗಿದ್ದರೆ ನೀವು ಸುಮ್ಮನೆ ನಿಂತರೆ ಸಾಕು. ಲಾಂಚ್ 4ಕ್ಕೆ ಇಳಿದರೆ ನೀವು ಅದರ ಮೇಲೆ ಮುಂದಕ್ಕೆ ಗಂಟೆಗೆ 1 ಕಿಲೋಮೀಟರಿನಂತೆ ನಡೆಯಬೇಕು. 6ಕ್ಕೆ ಏರಿದರೆ ಅಷ್ಟೇ ವೇಗದಲ್ಲಿ ಹಿಂದಕ್ಕೆ ನಡೆಯಬೇಕು. ದಡದಿಂದ ನೋಡುವ ಗೆಳತಿಗೆ ಮಾತ್ರ ನೀವು ಯಾವಾಗಲೂ ಅವಳ ಜೊತೆಗೇ ಇದ್ದೀರಿ.

ಇಲ್ಲಿ ಗೆಳತಿ ಗ್ರಿಡ್. ಲಾಂಚ್ ರೋಟರ್. ನೀವು ರೋಟರಿನ ಮೇಲಿನ ಕಾಂತಕ್ಷೇತ್ರ. ಹಳೆಯ ಯಂತ್ರದಲ್ಲಿ ಕಾಂತಕ್ಷೇತ್ರ ರೋಟರಿಗೆ ಅಂಟಿಕೊಂಡಿರುತ್ತದೆ, ಅದರ ಮೇಲೆ ನಡೆಯಲಾರದು. ಹೊಸ ಯಂತ್ರದ ರೋಟರಿಗೆ ಮೂರು ಸುತ್ತಿನ ತಂತಿಗಳನ್ನು ಸುತ್ತಿ, ಅವುಗಳಿಗೆ ಕನ್ವರ್ಟರ್ ಎಂಬ ಇಲೆಕ್ಟ್ರಾನಿಕ್ ಸಾಧನದಿಂದ ಬಹಳ ನಿಧಾನಗತಿಯ ಕರೆಂಟನ್ನು ಕೊಡುತ್ತಾರೆ. ಆಗ ಕಾಂತಕ್ಷೇತ್ರ ರೋಟರಿನ ಮೇಲೆ ತಾನೇ ಮುಂದಕ್ಕೋ ಹಿಂದಕ್ಕೋ ತಿರುಗುತ್ತದೆ. ರೋಟರ್ ನಿಧಾನವಾದರೆ ಅದು ಮುಂದಕ್ಕೆ, ರೋಟರ್ ಜೋರಾದರೆ ಅದು ಹಿಂದಕ್ಕೆ. ಗ್ರಿಡ್ಡಿಗೆ ಕಾಣುವುದು ಸದಾ ಐವತ್ತು.

ವೇಗವನ್ನು ಶೇಕಡಾ ಹತ್ತರಷ್ಟು ಬದಲಿಸಿದರೆ ಅಂತಹ ಲಾಭವೇನು ಎಂದು ಅನಿಸಬಹುದು. ಪಂಪಿನ ಸ್ವಭಾವ ವಿಚಿತ್ರವಾದದ್ದು. ಅದರ ವೇಗ ಸ್ವಲ್ಪ ಇಳಿದರೆ ಅದು ತಿನ್ನುವ ಶಕ್ತಿ ಬಹಳ ಇಳಿಯುತ್ತದೆ. ಸ್ಥೂಲವಾದ ನಿಯಮದಂತೆ ವೇಗವನ್ನು ಮೂರು ಸಲ ಗುಣಿಸಿ ನೋಡಬೇಕು. ವೇಗ 100ರಿಂದ 90ಕ್ಕೆ ಇಳಿದರೆ ಶಕ್ತಿ 100ರಿಂದ 73ಕ್ಕೆ ಇಳಿಯುತ್ತದೆ. ಹೀಗಾಗಿ ವೇಗದಲ್ಲಿ ಸಣ್ಣ ಹೊಂದಾಣಿಕೆ ಮಾಡಿಕೊಂಡರೆ ಸಾಕು, ಗ್ರಿಡ್ಡಿನಲ್ಲಿ ಎಷ್ಟು ಹೆಚ್ಚುವರಿ ಇದೆಯೋ ಸುಮಾರಾಗಿ ಅಷ್ಟನ್ನೇ ಪಂಪು ತೆಗೆದುಕೊಳ್ಳಬಲ್ಲದು.

ಇನ್ನೂ ಒಂದು ಅನುಕೂಲವಿದೆ. ನೂರಾರು ಟನ್ ತೂಕದ ರೋಟರ್ ತಿರುಗುತ್ತಿರುವಾಗ ಅದರಲ್ಲೇ ಒಂದಿಷ್ಟು ಶಕ್ತಿ ತುಂಬಿರುತ್ತದೆ. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರದಲ್ಲಿ ತುಳಿಯುವುದನ್ನು ನಿಲ್ಲಿಸಿದ ಮೇಲೂ ಚಕ್ರ ನಾಲ್ಕು ಹೊಲಿಗೆ ಹಾಕಿಯೇ ನಿಲ್ಲುತ್ತದಲ್ಲ, ಹಾಗೆ. ಗ್ರಿಡ್ಡಿನಲ್ಲಿ ದಿಢೀರನೆ ಕೊರತೆಯಾದರೆ ವೇಗ ಬದಲಿಸುವ ಯಂತ್ರ ತನ್ನ ಓಟವನ್ನು ಕೊಂಚ ತಗ್ಗಿಸಿ, ಆ ಶಕ್ತಿಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಬಿಟ್ಟುಕೊಡಬಲ್ಲದು.

ಜಪಾನಿನಿಂದ ಆರಂಭ

ಇದನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡದ್ದು ಜಪಾನ್. ಅಲ್ಲಿ ರಾತ್ರಿ ಹೊತ್ತು ಅಣು ವಿದ್ಯುತ್ ಕೇಂದ್ರಗಳು ಒಂದೇ ಸಮನೆ ಓಡುತ್ತಿದ್ದವು. ತಾಳ ಸರಿಪಡಿಸಬಲ್ಲ ಬೇರೆ ಕೇಂದ್ರಗಳು ಆ ಹೊತ್ತಿನಲ್ಲಿ ಕಡಿಮೆ. ನೀರೇರಿಸುತ್ತಿದ್ದ ಪಂಪುಗಳೋ ಹಠಮಾರಿಗಳು. ಆದ್ದರಿಂದ ಪಂಪಿಗೇ ತಾಳ ಸರಿಪಡಿಸುವ ಕೆಲಸ ಕಲಿಸಿದರು. 1990ರಲ್ಲಿ ಟೋಕಿಯೋ ವಿದ್ಯುತ್ ಕಂಪೆನಿಯ ಯಾಗಿಸಾವಾ ಕೇಂದ್ರದ ಒಂದು ಘಟಕ ಹೀಗೆ ವೇಗ ಬದಲಿಸುವ ಯಂತ್ರವಾಗಿ ಓಡತೊಡಗಿತು. 1993ರಲ್ಲಿ ಕನ್ಸಾಯ್ ಕಂಪೆನಿಯ ಓಕಾವಾಚಿ ಕೇಂದ್ರದಲ್ಲಿ 400 ಮೆಗಾವ್ಯಾಟ್ ವರ್ಗದ ಯಂತ್ರ ಬಂತು.

ಕರಾವಳಿಯ ಓದುಗರಿಗೆ ಕುತೂಹಲ ಹುಟ್ಟಿಸುವ ಇನ್ನೊಂದು ಪ್ರಯೋಗ ಓಕಿನಾವಾ ದ್ವೀಪದ್ದು. 1999ರಲ್ಲಿ ಅಲ್ಲಿ ಸಮುದ್ರವನ್ನೇ ಕೆಳಗಿನ ಜಲಾಶಯವನ್ನಾಗಿ ಮಾಡಿಕೊಂಡು 30 ಮೆಗಾವ್ಯಾಟಿನ ಕೇಂದ್ರ ಕಟ್ಟಿದರು. ಉಪ್ಪುನೀರನ್ನು ದಡದ ಮೇಲಿನ ಕೊಳಕ್ಕೆ ಏರಿಸುವುದು, ಬೇಕಾದಾಗ ಇಳಿಸುವುದು. ಆ ಯಂತ್ರವೂ ವೇಗ ಬದಲಿಸುವಂಥದ್ದೇ. ತಾಂತ್ರಿಕವಾಗಿ ಅದು ಯಶಸ್ವಿಯಾಯಿತು. ಆದರೆ ಮುಂದೆ ದ್ವೀಪದಲ್ಲಿ ವಿದ್ಯುತ್ ಬೇಡಿಕೆ ಎಣಿಸಿದಷ್ಟು ಬೆಳೆಯದ ಕಾರಣ 2016ರಲ್ಲಿ ಅದನ್ನು ಮುಚ್ಚಿದರು.

ಯೂರೋಪಿನಲ್ಲಿ ಜರ್ಮನಿಯ ಗೋಲ್ಡಿಸ್ತಾಲ್ ಕೇಂದ್ರ 2003-04ರಲ್ಲಿ ಆರಂಭವಾಯಿತು. ಅದರ ನಾಲ್ಕು ಯಂತ್ರಗಳಲ್ಲಿ ಎರಡು ಹಳೆಯ ರೀತಿಯವು, ಎರಡು ವೇಗ ಬದಲಿಸುವಂಥವು. ಸ್ವಿಟ್ಜರ್ಲೆಂಡಿನ ನಾನ್ ದ ದ್ರಾನ್ಸ್ ಎಂಬಲ್ಲಿ 2022ರಲ್ಲಿ 900 ಮೆಗಾವ್ಯಾಟಿನ ಕೇಂದ್ರ ಉದ್ಘಾಟನೆಯಾಯಿತು. ಅದರ ಆರೂ ಯಂತ್ರಗಳು ವೇಗ ಬದಲಿಸುವಂಥವು. ಬೆಟ್ಟದ ಒಳಗೆ, ನೆಲದಿಂದ ಸುಮಾರು 600 ಮೀಟರ್ ಆಳದ ಗುಹೆಯಲ್ಲಿ ಅವು ಕೂತಿವೆ. ಮೊದಲೇ ಇದ್ದ ಎರಡು ಜಲಾಶಯಗಳನ್ನೇ ಅಲ್ಲಿ ಬಳಸಿಕೊಂಡರು ಎಂಬುದನ್ನು ಗಮನಿಸಿ. ಚೀನಾದ ಫೆಂಗ್‌ನಿಂಗ್ ಕೇಂದ್ರ 3600 ಮೆಗಾವ್ಯಾಟಿನದು, ಇಂತಹ ಕೇಂದ್ರಗಳಲ್ಲಿ ಜಗತ್ತಿಗೇ ದೊಡ್ಡದು. 2024ರ ಕೊನೆಗೆ ಅದು ಪೂರ್ಣಗೊಂಡಿತು. ಅದರ ಹನ್ನೆರಡು ಯಂತ್ರಗಳಲ್ಲಿ ಎರಡು ವೇಗ ಬದಲಿಸುವಂಥವು.

ಹಾಗಾದರೆ ಎಲ್ಲ ಕಡೆಯೂ ಎಲ್ಲ ಯಂತ್ರಗಳೂ ಹೀಗೇಕಿಲ್ಲ? ಬೆಲೆ ಹೆಚ್ಚು. ರೋಟರಿಗೆ ತಂತಿ ಸುತ್ತುವ ಕೆಲಸ ಕಠಿಣ, ಏಕೆಂದರೆ ವೇಗವಾಗಿ ತಿರುಗುವಾಗ ಆ ತಂತಿಗಳು ಹೊರಕ್ಕೆ ಕಿತ್ತು ಬರಲು ಹವಣಿಸುತ್ತವೆ. ಕನ್ವರ್ಟರಿಗೆ ಗುಹೆಯಲ್ಲಿ ಬೇರೆ ಜಾಗ ಬೇಕು. ನೋಡಿಕೊಳ್ಳಲು ಪಳಗಿದ ಕೈಗಳು ಬೇಕು. ಆದ್ದರಿಂದ ಕೆಲವರು ಗೋಲ್ಡಿಸ್ತಾಲಿನಂತೆ ಹಳೆಯದು ಹೊಸದು ಬೆರೆಸಿ ಇಟ್ಟುಕೊಳ್ಳುತ್ತಾರೆ.

ತೆಹ್ರಿಯಲ್ಲಿ ಏಕೆ ಬೇಕಾಯಿತು?

ನಮ್ಮ ದೇಶದಲ್ಲಿ ವೇಗ ಬದಲಿಸುವ ಯಂತ್ರಗಳ ಮೊದಲ ಪಂಪ್ಡ್ ಸ್ಟೋರೇಜ್ ಕೇಂದ್ರ ಉತ್ತರಾಖಂಡದ ತೆಹ್ರಿಯಲ್ಲಿದೆ. 250 ಮೆಗಾವ್ಯಾಟಿನ ನಾಲ್ಕು ಯಂತ್ರಗಳ ಯೋಜನೆ ಅದು. ಮೊದಲ ಯಂತ್ರ 2025ರ ಜೂನ್ ತಿಂಗಳಲ್ಲಿ, ಎರಡನೆಯದು ಜುಲೈಯಲ್ಲಿ ಕೆಲಸ ಆರಂಭಿಸಿದವು.

ಭಾಗೀರಥಿ ನದಿಗೆ ಕಟ್ಟಿದ ತೆಹ್ರಿ ಅಣೆಕಟ್ಟಿನ ಎತ್ತರ 260.5 ಮೀಟರ್. ಅದರ ಕೆಳಗೆ ಅದೇ ನದಿಯಲ್ಲಿ ಕೋಟೇಶ್ವರ ಎಂಬ ಚಿಕ್ಕ ಅಣೆಕಟ್ಟಿದೆ. ತೆಹ್ರಿ ಮೇಲಿನ ಜಲಾಶಯ, ಕೋಟೇಶ್ವರ ಕೆಳಗಿನ ಜಲಾಶಯ. ಎರಡೂ ಮೊದಲೇ ಇದ್ದುದರಿಂದ ಈ ಕೇಂದ್ರಕ್ಕಾಗಿ ಹೊಸ ಅಣೆಕಟ್ಟು ಕಟ್ಟುವ ಅಗತ್ಯ ಬೀಳಲಿಲ್ಲ. ಯಂತ್ರಗಳೆಲ್ಲ ಬೆಟ್ಟದ ಹೊಟ್ಟೆಯೊಳಗಿವೆ.

ತೆಹ್ರಿಯ ವಿಶೇಷ ಅದರ ನೀರಿನ ಮಟ್ಟದಲ್ಲಿದೆ. ಮಳೆಗಾಲ ಮುಗಿದು ಜಲಾಶಯ ತುಂಬಿದಾಗ ನೀರು ಸಮುದ್ರ ಮಟ್ಟದಿಂದ 830 ಮೀಟರಿನಲ್ಲಿ ನಿಂತಿರುತ್ತದೆ. ಬಯಲು ಸೀಮೆಯ ಹೊಲಗಳಿಗೂ ದಿಲ್ಲಿಯ ಕುಡಿಯುವ ನೀರಿಗೂ ಹರಿದು ಹರಿದು, ಮುಂದಿನ ಮಳೆ ಬರುವ ಹೊತ್ತಿಗೆ ಅದು 740 ಮೀಟರಿನವರೆಗೂ ಇಳಿಯಬಹುದು. ಅಂದರೆ 90 ಮೀಟರಿನ ಏರಿಳಿತ! ತುಂಬಿದ ಕಾಲದಲ್ಲಿ ಪಂಪು ನೀರನ್ನು 220 ಮೀಟರಿಗೂ ಮೇಲೆ ಏರಿಸಬೇಕು, ಇಳಿದ ಕಾಲದಲ್ಲಿ ಸುಮಾರು 130 ಮೀಟರ್ ಏರಿಸಿದರೆ ಸಾಕು. ಒಂದೇ ವೇಗಕ್ಕೆ ಕಟ್ಟುಬಿದ್ದ ಪಂಪು ಇಷ್ಟು ದೊಡ್ಡ ಅಂತರವನ್ನು ನೆಮ್ಮದಿಯಿಂದ ನಿಭಾಯಿಸಲಾರದು. ಇಲ್ಲಿ ವೇಗ ಬದಲಿಸುವ ಯಂತ್ರವನ್ನು ಶೋಕಿಗಾಗಿ ತಂದದ್ದಲ್ಲ, ಆ ಜಲಾಶಯಕ್ಕೆ ಅದು ಅನಿವಾರ್ಯವಾಗಿತ್ತು.

ನಮ್ಮ ಮಾಳಿಗೆಯ ಟ್ಯಾಂಕಿನ ಲೆಕ್ಕವನ್ನೇ ಇಲ್ಲಿಗೆ ತಂದರೆ, 200 ಮೀಟರ್ ಎತ್ತರದಲ್ಲಿ ಸಾವಿರ ಲೀಟರ್ ನೀರಿಗೆ ಸುಮಾರು ಅರ್ಧ ಯೂನಿಟ್ ಸಿಗುತ್ತದೆ. ನಾಲ್ಕೂ ಯಂತ್ರಗಳು ಪೂರ್ತಿ ಓಡಿದರೆ ಗಂಟೆಗೆ 10 ಲಕ್ಷ ಯೂನಿಟ್. ಅದಕ್ಕಾಗಿ ಪ್ರತಿ ಗಂಟೆ ಸುಮಾರು 20 ಲಕ್ಷ ಟ್ಯಾಂಕುಗಳಷ್ಟು ನೀರು ಇಳಿಯಬೇಕು. ಮಧ್ಯಾಹ್ನ ಅಷ್ಟನ್ನೂ ಮತ್ತೆ ಮೇಲೇರಿಸಬೇಕು.

ನೀರಿನ ಅಡಿಯಲ್ಲಿರುವ ಊರು

ಇಲ್ಲಿಗೆ ಲೇಖನವನ್ನು ಮುಗಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಆ 830 ಮೀಟರ್ ನೀರಿನ ಅಡಿಯಲ್ಲಿ ಒಂದು ಊರಿದೆ. ಭಾಗೀರಥಿ ಮತ್ತು ಭಿಲಂಗನಾ ನದಿಗಳು ಕೂಡುವಲ್ಲಿ 1815ರಲ್ಲಿ ಸ್ಥಾಪನೆಯಾದ ಹಳೆಯ ತೆಹ್ರಿ ಪಟ್ಟಣ ಅದು, ಗಢವಾಲ ರಾಜರ ರಾಜಧಾನಿಯಾಗಿತ್ತು. 2005ರಲ್ಲಿ ಅಣೆಕಟ್ಟಿನ ಕೊನೆಯ ಸುರಂಗ ಮುಚ್ಚಿದಾಗ ನೀರು ಬೀದಿಬೀದಿಯಾಗಿ ಏರಿ ಊರನ್ನು ನುಂಗಿತು. ಮನೆ, ಅಂಗಡಿ, ಶಾಲೆ, ಆರಾಧನಾಲಯ, ಹಿರಿಯರನ್ನು ಮಣ್ಣು ಮಾಡಿದ ಜಾಗ ಎಲ್ಲವೂ ಮುಳುಗಿದವು. ಸುತ್ತಲಿನ ಹಳ್ಳಿಗಳೂ ಸೇರಿ ಸಾವಿರಾರು ಕುಟುಂಬಗಳು ಎದ್ದು ಹೋಗಬೇಕಾಯಿತು. ಜಲಾಶಯದ ಅಂಚಿನ ಹಳ್ಳಿಗಳಲ್ಲಿ ನೆಲ ಜರುಗಿ ಮನೆಗಳು ಬಿರುಕು ಬಿಟ್ಟ ದೂರುಗಳು ಆಮೇಲೂ ಕೇಳಿಬರುತ್ತಲೇ ಇವೆ.

ಈ ಅಣೆಕಟ್ಟಿನ ವಿರುದ್ಧ ಸುಂದರಲಾಲ್ ಬಹುಗುಣ ಅವರು ವರ್ಷಗಟ್ಟಲೆ ಹೋರಾಡಿದರು. 1996ರಲ್ಲಿ ದಿಲ್ಲಿಯ ರಾಜಘಾಟಿನಲ್ಲಿ ಅವರು 74 ದಿನ ಉಪವಾಸ ಕೂತರು. ಆಗ ಪ್ರಧಾನಿಯಾಗಿದ್ದ ನಮ್ಮ ರಾಜ್ಯದ ಎಚ್.ಡಿ. ದೇವೇಗೌಡರು ಯೋಜನೆಯ ಮರುಪರಿಶೀಲನೆಯ ಭರವಸೆ ಕೊಟ್ಟ ಮೇಲೆ ಉಪವಾಸ ನಿಲ್ಲಿಸಿದರು. ಅಣೆಕಟ್ಟು ಮಾತ್ರ ನಿಲ್ಲಲಿಲ್ಲ. ಬಹುಗುಣ ಅವರು 2021ರಲ್ಲಿ ತೀರಿಕೊಂಡರು. ಕರ್ನಾಟಕಕ್ಕೆ ಅವರು ಹೊರಗಿನವರಲ್ಲ. ಅವರ ಚಿಪ್ಕೋ ಚಳವಳಿಯ ಸ್ಫೂರ್ತಿಯಿಂದಲೇ 1983ರಲ್ಲಿ ಉತ್ತರ ಕನ್ನಡದ ಸಲ್ಕಣಿಯಲ್ಲಿ ಮರಗಳನ್ನು ಅಪ್ಪಿಕೊಳ್ಳುವ ಅಪ್ಪಿಕೋ ಚಳವಳಿ ಹುಟ್ಟಿತು.

ಈಗ ಅದೇ ಮಲೆನಾಡಿನ ಶರಾವತಿ ಕಣಿವೆಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪವಿದೆ. ಅಲ್ಲಿಯೂ ಎರಡು ಜಲಾಶಯಗಳು ಮೊದಲೇ ಇವೆ. ಆದರೆ ಸುರಂಗ, ರಸ್ತೆ, ತಂತಿದಾರಿಗಳು ಸಿಂಗಳೀಕಗಳ ಅಭಯಾರಣ್ಯದಲ್ಲಿ ಹಾದುಹೋಗಬೇಕು. ಸಾಗರ, ಹೊನ್ನಾವರ ಕಡೆಯ ಜನ ಇದನ್ನು ವಿರೋಧಿಸುತ್ತಿದ್ದಾರೆ. ಅವರ ಮಾತಿಗೆ ಆಧಾರವಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಮುಳುಗಡೆಯಾದವರ ಪೈಕಿ ಎಷ್ಟೋ ಕುಟುಂಬಗಳು ಮೊಮ್ಮಕ್ಕಳ ಕಾಲ ಬಂದರೂ ತಾವು ಉಳುವ ನೆಲದ ಹಕ್ಕುಪತ್ರಕ್ಕಾಗಿ ಅಲೆಯುತ್ತಿವೆ. ನಾಡಿಗೆ ಬೆಳಕು ಕೊಟ್ಟವರ ಮನೆಯ ಕಾಗದಪತ್ರ ಇಂದಿಗೂ ಸರಿಯಾಗಿಲ್ಲ.

ಒಂದು ಕಡೆ ಈ ಸಂಕಟವಿದೆ. ಇನ್ನೊಂದು ಕಡೆ ಕಲ್ಲಿದ್ದಲಿನ ಹೊಗೆಯಿದೆ, ಆ ಹೊಗೆಯಿಂದ ಉಬ್ಬಸಪಡುವ ಮಕ್ಕಳಿದ್ದಾರೆ, ಏರುತ್ತಿರುವ ಬಿಸಿಯಿದೆ. ಬಿಸಿಲು ಗಾಳಿಗಳನ್ನು ನಂಬಿ ಬದುಕಬೇಕಾದರೆ ಅವುಗಳನ್ನು ಎತ್ತಿಡಲೇಬೇಕು. ಒಳ್ಳೆಯ ಯಂತ್ರ ಈ ಎರಡರ ನಡುವೆ ಸ್ವಲ್ಪ ದಾರಿ ಬಿಡಿಸಿಕೊಡಬಲ್ಲದು. ಮಟ್ಟ ಬಹಳ ಏರಿಳಿಯುವ ಜಲಾಶಯದಲ್ಲೂ ಅದು ಕೆಲಸ ಮಾಡುವುದರಿಂದ, ಈಗಾಗಲೇ ಇರುವ ಜಲಾಶಯಗಳಲ್ಲೇ ಹೆಚ್ಚಿನದನ್ನು ಸಾಧಿಸಬಹುದು. ಪಂಪು ಬೇಕಾದಷ್ಟೇ ಕರೆಂಟು ತೆಗೆದುಕೊಳ್ಳುವುದರಿಂದ, ಹಗಲಿನ ಸೌರಶಕ್ತಿ ಪೋಲಾಗುವುದು ಕಡಿಮೆಯಾಗುತ್ತದೆ. ಆದರೆ ಯಾವ ಕಾಡಿನಲ್ಲಿ ಸುರಂಗ ಕೊರೆಯಬೇಕು, ಯಾವುದರಲ್ಲಿ ಕೂಡದು, ಎದ್ದು ಹೋಗುವವರಿಗೆ ಏನು ಕೊಡಬೇಕು ಎಂಬುದನ್ನು ಯಂತ್ರ ತೀರ್ಮಾನಿಸುವುದಿಲ್ಲ. ಅದನ್ನು ತೀರ್ಮಾನಿಸಬೇಕಾದವರು ನಾವು.

ನಾವೇನು ಮಾಡಬಹುದು?

ಸಹೋದರಿಯರೇ, ಇದು ಇಂಜಿನಿಯರುಗಳ ವಿಷಯ, ನಮಗೇಕೆ ಎಂದು ಸುಮ್ಮನಾಗಬೇಡಿ. ನಿಮ್ಮ ಊರಿನ ಹತ್ತಿರ ಇಂತಹ ಯೋಜನೆ ಬಂದರೆ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ಅಂತಹ ಸಭೆಗಳಲ್ಲಿ ಹೆಂಗಸರ ಮಾತು ಕೇಳಿಬರುವುದು ಅಪರೂಪ. ಮುಳುಗುವುದು ಮಾತ್ರ ಹೆಂಗಸರ ಅಡುಗೆಮನೆ, ಅವರ ಬಾವಿ, ಅವರ ಹಿತ್ತಿಲು. ಅಲ್ಲಿ ಹೋಗಿ ಕೇಳಿ: ಹೊಸ ಜಲಾಶಯ ಬೇಕೇ, ಇರುವುದರಲ್ಲೇ ಆಗುವುದಿಲ್ಲವೇ? ಎಷ್ಟು ಮರ ಬೀಳುತ್ತದೆ? ವೇಗ ಬದಲಿಸುವ ಯಂತ್ರ ಹಾಕುತ್ತೀರಾ, ಇಲ್ಲವಾದರೆ ಏಕಿಲ್ಲ? ಹಿಂದಿನ ಮುಳುಗಡೆಯವರ ಬಾಕಿ ತೀರಿದೆಯೇ? ಇಷ್ಟು ಕೇಳಲು ಇಂಜಿನಿಯರಿಂಗ್ ಪದವಿ ಬೇಕಾಗಿಲ್ಲ.

ಇನ್ನೊಂದು ಕೆಲಸ ಮನೆಯೊಳಗೇ ಮಾಡುವಂಥದ್ದು. ಬಾವಿಯ ಪಂಪು, ಬಟ್ಟೆ ಒಗೆಯುವ ಯಂತ್ರ, ಗ್ರೈಂಡರು, ಇಸ್ತ್ರಿ ಇವುಗಳನ್ನು ಸಾಧ್ಯವಾದಷ್ಟು ಬಿಸಿಲಿರುವ ಹೊತ್ತಿನಲ್ಲೇ ಬಳಸಿ. ಸಂಜೆಯ ನೂಕುನುಗ್ಗಲಿನಲ್ಲಿ ಬೇಡ. ಹಗಲಿನ ಕರೆಂಟನ್ನು ಹಗಲಲ್ಲೇ ಬಳಸಿದರೆ ಅದನ್ನು ಬೆಟ್ಟಕ್ಕೆ ಏರಿಸಿ ಇಳಿಸುವ ಖರ್ಚೇ ಇಲ್ಲ, ದಾರಿಯಲ್ಲಿ ಸವೆಯುವ ಪಾಲೂ ಇಲ್ಲ. ಒಂದು ಮನೆಯಿಂದ ಏನಾಗುತ್ತದೆ ಎನ್ನಬೇಡಿ. ಒಂಬತ್ತು ನಿಮಿಷ ದೀಪ ಆರಿಸಿದ್ದಕ್ಕೇ 31 ಸಾವಿರ ಮೆಗಾವ್ಯಾಟ್ ಇಳಿದದ್ದು ಒಂದೊಂದೇ ಮನೆಯ ಸ್ವಿಚ್ಚಿನಿಂದ.

ಮಕ್ಕಳಿಗೂ ಈ ವಿಷಯ ಹೇಳಿ. ಮಾಳಿಗೆಯ ಟ್ಯಾಂಕು ತುಂಬುವಾಗ ಅದರ ಲೆಕ್ಕವನ್ನು ಅವರಿಂದಲೇ ಹಾಕಿಸಿ. ನಿಮ್ಮ ಹುಡುಗಿಯರಲ್ಲಿ ಒಬ್ಬಳು ನಾಳೆ ಇಂಜಿನಿಯರಾಗಿ ಅಂತಹ ಗುಹೆಯೊಳಗೆ ಇಳಿದು ಯಂತ್ರದ ವೇಗ ಹೊಂದಿಸುವವಳಾದರೆ, ಜಲಾಶಯದ ಅಡಿಯಲ್ಲಿ ಮುಳುಗಿದ ಊರಿನ ನೆನಪೂ ಅವಳಿಗಿರಲಿ.